ಹೊಸ್ತಿನ ಗದ್ದೆ

ನಮ್ಮ ಮನೆಗಿಂತ ನಮ್ಮ ಹಟ್ಟಿ ದೊಡ್ಡದಿತ್ತು. ಮನೆಯೆಂದರೆ ಎರಡು ಕೋಣೆ, ಮೇಲೆ ಸಿಮೆಂಟ್ ಶೀಟು, ಮುಂದೆ ಕೂರಲು ಒಂದು ಜಗಲಿ. ಅಡುಗೆಕೋಣೆಯ ಕಿಟಕಿ ಹಟ್ಟಿಯ ಕಡೆಗೇ ತೆರೆಯುತ್ತಿತ್ತು. ಅಮ್ಮ ದೋಸೆ ಹೊಯ್ಯುವಾಗ ಸರಳಿನಾಚೆ ಒಂದು ಕಪ್ಪು ಮೂತಿ ಕಾದಿರುತ್ತಿತ್ತು, ಮೊದಲ ದೋಸೆ ಯಾವಾಗಲೂ ಅದಕ್ಕೆ. ಎರಡನೆಯದು ನನಗೆ. ಈಗ ನಾನಿರುವ ಫ್ಲಾಟಿನಲ್ಲಿ ಅಡುಗೆಕೋಣೆಯ ಕಿಟಕಿ ಎದುರು ಬ್ಲಾಕಿನ ಬಾತ್‌ರೂಮಿನ ಪೈಪುಗಳನ್ನು ತೋರಿಸುತ್ತದೆ. ದೂರುವುದಿಲ್ಲ. ಬೆಳಗಿನ ಹೊತ್ತು ಆ ಪೈಪುಗಳ ಸಂದಿಯಿಂದಲೇ ಒಂದು ಪಟ್ಟಿ ಬಿಸಿಲು ಬಂದು ಗ್ಯಾಸ್ ಒಲೆಯ ಮೇಲೆ ಬೀಳುತ್ತದೆ. ಅಷ್ಟು ಸಾಕು, ದೇವರಿಗೆ ಕೈ ಮುಗಿಯಲು.

ಮದ್ರಾಸಿನ ಪುರಸೈವಾಕ್ಕಂನಲ್ಲಿ ಕುಂದಾಪುರದ ಕಡೆಯ ಧಣಿಗಳೊಬ್ಬರ ಹೋಟೆಲಿತ್ತು. ಅಪ್ಪಯ್ಯ ಅಲ್ಲಿ ಸಪ್ಲೈಯರ್ ಆಗಿ ಸೇರಿದವರು. ಧಣಿಗಳಿಗೆ ಪೇಟೆಯ ಹಾಲಿನ ಕಾಫಿ ರುಚಿಸಲಿಲ್ಲ. ಪೋರೂರು ಕೆರೆಯ ಕೆಳಗೆ ಒಂದು ತುಂಡು ಜಾಗ ಕೊಂಡು, ಜರ್ಸಿ ದನಗಳನ್ನು ಕಟ್ಟಿ, ಊರಲ್ಲಿ ಗದ್ದೆ ಮಾಡಿ ಗೊತ್ತಿದ್ದ ಅಪ್ಪಯ್ಯನನ್ನು ನೋಡಿಕೊಳ್ಳಲು ಕಳಿಸಿದರು. ಹೋಟೆಲಿಗೆ ಹಾಲು, ಬಾಳೆಎಲೆ, ಕರಿಬೇವು, ಸೊಪ್ಪು ನಮ್ಮಲ್ಲಿಂದ ಹೋಗಬೇಕು. ಬೆಳಗಾಗುವ ಮೊದಲು ಹೋಟೆಲಿನ ವ್ಯಾನು ಬರುತ್ತಿತ್ತು. ಹಾಲಿನ ಕ್ಯಾನು, ಎಲೆಯ ಕಟ್ಟು ಹೋದವು ಎಂದರೆ, ತರಕಾರಿ ಸಿಪ್ಪೆ, ಅಕ್ಕಿ ತೊಳೆದ ಅಕ್ಕಚ್ಚು, ನೆನೆಸಿದ ಉದ್ದಿನ ಸಿಪ್ಪೆ ಡಬ್ಬಗಳಲ್ಲಿ ಇಳಿಯುತ್ತಿದ್ದವು. ಉಂಡ ಎಲೆಯನ್ನು ಮಾತ್ರ ಅಪ್ಪಯ್ಯ ಇಳಿಸಲು ಬಿಡುತ್ತಿರಲಿಲ್ಲ. ಡ್ರೈವರ್ ಪ್ರತಿಸಲ ಕೇಳುತ್ತಿದ್ದ, ಅವರು ಪ್ರತಿಸಲ, ದನಕ್ಕೆ ನಮ್ಮ ಕಡೆ ಹೇಳುವ ಗಂಟಿ ಎಂಬ ಮಾತಿನಲ್ಲೇ, ಹೇಳುತ್ತಿದ್ದರು:

"ಗಂಟಿಗೆ ಎಂಜಲು ಹಾಕುಕಾಗ. ಹಾಲು ಕೊಡೂದ್ ಅದು, ನೀನಲ್ಲ."

ಆ ಜರ್ಸಿಗಳ ನಡುವೆ ಒಂದು ಮೂಲೆಯಲ್ಲಿ ಕಪಿಲೆ ಇದ್ದಳು. ನಾನು ಹುಟ್ಟುವ ಮೊದಲೇ ಊರಿಂದ ಅಕ್ಕಿಮೂಟೆಗಳ ಜೊತೆ ಲಾರಿಯಲ್ಲಿ ಬಂದವಳು. ಗಿಡ್ಡ ಜಾತಿ, ಕಪ್ಪು ಮೂತಿ, ಒಂದು ಕೊಂಬು ಕಿವಿಯ ಕಡೆಗೆ ಬಾಗಿತ್ತು. ಹಾಲು ಬತ್ತಿ ಎಷ್ಟೋ ಕಾಲವಾಗಿತ್ತು. ಧಣಿಗಳು ಬಂದಾಗಲೆಲ್ಲ "ಇದೆಂತಕೆ ಇನ್ನೂ?" ಎಂದು ಕೇಳಿ, ತಾವೇ ಅದರ ಕುತ್ತಿಗೆ ತುರಿಸಿ ಹೋಗುತ್ತಿದ್ದರು. ಮೊದಲ ದೋಸೆಯ ಮೂತಿ ಅವಳದೇ.

ಆ ಜಾಗದಲ್ಲಿ ಕ್ಯಾಲೆಂಡರ್ ಬೇಕಿರಲಿಲ್ಲ. ಹಟ್ಟಿಯ ವಾಸನೆಯಿಂದಲೇ ನನಗೆ ತಿಂಗಳು ತಿಳಿಯುತ್ತಿತ್ತು. ಸಂಕ್ರಾಂತಿಗೆ ಕೊಯ್ಲು, ಹೊಸ ಬೈಹುಲ್ಲಿನ ಸಿಹಿ ವಾಸನೆ. ಮಾಟ್ಟು ಪೊಂಗಲ್ ದಿನ ಸುತ್ತಲಿನವರು ದನಗಳ ಕೊಂಬಿಗೆ ಬಣ್ಣ ಬಳಿಯುವಾಗ ನಾವೂ ಬಳಿಯುತ್ತಿದ್ದೆವು. ದೀಪಾವಳಿಗೆ ನಮ್ಮ ಪದ್ಧತಿಯ ಗೋಪೂಜೆ ಬೇರೆ. ಹಾಗಾಗಿ ನಮ್ಮ ದನಗಳಿಗೆ ವರ್ಷಕ್ಕೆ ಎರಡು ಹಬ್ಬ. ಕೊಯ್ದ ಗದ್ದೆಯ ಪಸೆ ಆರುವ ಮೊದಲು ಅಪ್ಪಯ್ಯ ಉದ್ದು ಬಿತ್ತುತ್ತಿದ್ದರು. ಬೇಸಿಗೆಯಲ್ಲಿ ಕೆರೆ ಹಿಂದಕ್ಕೆ ಸರಿದು ಕೆಸರು ನಾರುತ್ತಿತ್ತು. ಜರ್ಸಿಗಳು ನಾಲಗೆ ಚಾಚಿ ಏದುತ್ತಿದ್ದವು, ಅವುಗಳ ಬೆನ್ನಿಗೆ ಒದ್ದೆ ಗೋಣಿ ಹೊದಿಸುವುದು ನನ್ನ ಕೆಲಸ. ಹಾಲು ಅರ್ಧಕ್ಕಿಳಿಯುತ್ತಿತ್ತು, ಹೋಟೆಲಿನಿಂದ ಬೈಗುಳ ಬರುತ್ತಿತ್ತು. ಜುಲೈ ಕಳೆಯುವಾಗ, ತಮಿಳರ ಆಡಿ ತಿಂಗಳಲ್ಲಿ, ನಾಲ್ಕು ಹನಿ ಬಿದ್ದರೆ ಸಸಿಮಡಿ. ಪುರಟಾಸಿ ಹೊತ್ತಿಗೆ ನೆಟ್ಟಿ ಮುಗಿದು ಕೆರೆಯ ಕೆಳಗೆಲ್ಲ ಎಳೆ ಹಸಿರು. ಆಮೇಲೆ ದೀಪಾವಳಿಯ ಹೊತ್ತಿನ ಐಪ್ಪಸಿಯ ಮಳೆ. ಹಟ್ಟಿಯ ನೆಲ ಆರುವುದೇ ಇಲ್ಲ, ದನಗಳ ಗೊರಸಿನ ಸಂದಿ ಕೊಳೆಯುತ್ತದೆ. ಅಪ್ಪಯ್ಯ ಒಂದೊಂದೇ ಕಾಲೆತ್ತಿ ಅರಿಶಿನ ಬೇವಿನೆಣ್ಣೆ ಸವರುವಾಗ ನಾನು ಲಾಟೀನು ಹಿಡಿಯುತ್ತಿದ್ದೆ. ಮಾರ್ಗಳಿಯ ಮಂಜಿನಲ್ಲಿ ತೆನೆ ಬಾಗಿದಾಗ ವರ್ಷ ತಿರುಗಿ ಮೊದಲಿಗೆ ಬಂದಂತೆ.

ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. "ಸಾಣಿ ವಾಸನೈ" ಎಂದು ಮೂಗು ಹಿಡಿಯುತ್ತಿದ್ದರು, ಸಗಣಿ ವಾಸನೆ ಎಂದು. ಸುಳ್ಳಲ್ಲವಲ್ಲ. ಮನೆಗೆ ಬಂದರೆ ಮಾತಾಡಲು ಓರಗೆಯವರಿಲ್ಲ. ಹತ್ತಿರದ ಮನೆ ಎರಡು ಗದ್ದೆ ದಾಟಿ, ನೆಟ್ಟಿಗೆ ಬರುವ ಮುನಿಯಮ್ಮನದು. ಅವಳ ಮಕ್ಕಳೆಲ್ಲ ದೊಡ್ಡವರು. ನಾನು ದನಗಳೊಂದಿಗೆ ನಮ್ಮ ಕನ್ನಡದಲ್ಲಿ, ನಾಯಿಯೊಂದಿಗೆ ತಮಿಳಿನಲ್ಲಿ, ದೇವರ ಪಟದೊಂದಿಗೆ ಎರಡೂ ಕಲಸಿ ಮಾತಾಡುತ್ತಿದ್ದೆ. ಅವರಲ್ಲಿ ದೇವರೇ ಹೆಚ್ಚು ಹೊತ್ತು ಕೇಳುತ್ತಿದ್ದದ್ದು. ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ.

ನಮ್ಮ ಕಡೆ ನವರಾತ್ರಿಯಲ್ಲಿ ಹೊಸ್ತು ಎಂದು ಮಾಡುತ್ತಾರೆ. ಹೊಸ ಭತ್ತದ ತೆನೆ, ಅಂದರೆ ಕದಿರನ್ನು, ಗದ್ದೆಯಿಂದ ತಲೆಮೇಲೆ ಹೊತ್ತು ತಂದು, ಮಾವಿನೆಲೆಯಲ್ಲಿ ಸುತ್ತಿ ಬಾಗಿಲಿಗೆ, ಕಂಬಕ್ಕೆ, ಅಕ್ಕಿ ಡಬ್ಬಕ್ಕೆ, ಹಟ್ಟಿಗೆ, ಬಾವಿಗೆ ಕಟ್ಟುವುದು. ನಾಲ್ಕು ಹೊಸ ಅಕ್ಕಿಕಾಳನ್ನು ಪಾಯಸಕ್ಕೆ ಹಾಕಿ, ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ಣುವುದು. ತುತ್ತು ಬಾಯಿಗಿಡುವ ಮೊದಲು ಚಿಕ್ಕವರು ತಮಗಿಂತ ದೊಡ್ಡವರೊಬ್ಬೊಬ್ಬರನ್ನೂ ಕರೆದು "ಹೊಸ್ತ್ ಉಂತೆ" ಎನ್ನಬೇಕು, ಹೊಸ್ತು ಉಣ್ಣುತ್ತೇನೆ ಎಂದು. ಅವರು "ಉಣ್ಣ್" ಎಂದ ಮೇಲೆಯೇ ತುತ್ತು. ಊರಲ್ಲಿ ಅಜ್ಜನ ಮನೆಯ ಪಂಕ್ತಿಯಲ್ಲಿ ಈ ಕರೆದು ಕೇಳುವುದರಲ್ಲೇ ಪಾಯಸ ಆರಿಹೋಗುತ್ತಿತ್ತಂತೆ.

ಪೋರೂರಿನಲ್ಲಿ ಪಂಕ್ತಿಯೆಂದರೆ ಮೂರು ಎಲೆ. ನಾನು ಅಮ್ಮನನ್ನೂ ಅಪ್ಪಯ್ಯನನ್ನೂ ಕೇಳುತ್ತಿದ್ದೆ. ಅಮ್ಮ ಅಪ್ಪಯ್ಯನನ್ನು ಕೇಳುತ್ತಿದ್ದಳು. ಅಪ್ಪಯ್ಯನಿಗೆ ಕೇಳಲು ಯಾರೂ ಇರಲಿಲ್ಲ. ಅವರು ಎದ್ದು, ಅಡುಗೆಕೋಣೆಯ ಕಿಟಕಿಗೆ ಹೋಗಿ, ಕಪಿಲೆಯ ಮೂತಿ ಮುಟ್ಟಿ ಕೇಳುತ್ತಿದ್ದರು:

"ಹೊಸ್ತ್ ಉಂತೆ, ಅಕ್ಕ."

ಕಪಿಲೆ ಕಿವಿ ಅಲ್ಲಾಡಿಸಿದರೆ ಅಪ್ಪಣೆ ಸಿಕ್ಕಿತು ಎಂದು ಲೆಕ್ಕ. ಒಂದು ವರ್ಷ ಅವಳು ಅಲ್ಲಾಡಿಸದೆ ಸುಮ್ಮನೆ ನಿಂತುಬಿಟ್ಟಳು. ಅಪ್ಪಯ್ಯ ನಿಂತೇ ಇದ್ದರು. ಕೊನೆಗೆ ಅಮ್ಮ, "ಹ್ವಾಯ್, ಪಾಯ್ಸ ತಣ್ದ್ ಹೋಯ್ತ್, ಒಂದು ನೊಣ ಹಿಡ್ಕೊಂಡ್ ಬಂದು ಅದರ ಕಿವಿ ಮೇಲೆ ಬಿಡಿ" ಎಂದಳು. ನಾವು ಎಲ್ಲರೂ ನಕ್ಕೆವು. ಹಾಗೆ ಮೂವರೂ ಒಟ್ಟಿಗೆ ನಕ್ಕದ್ದು ಹೆಚ್ಚು ನೆನಪಿಲ್ಲ, ಅದಕ್ಕೆ ಬರೆದೆ.

ಆ ಸಾಲಿನಲ್ಲಿ ನಾನು ಕಟ್ಟಕಡೆಯವಳು. ನನ್ನನ್ನು ಕೇಳುವವರು ಯಾರೂ ಇಲ್ಲ. ಅದು ನನಗೆ ದೊಡ್ಡ ಕೊರತೆಯಾಗಿ ಕಾಡುತ್ತಿತ್ತು. ಗೊಂಬೆ ಬೇಕು, ಸೈಕಲ್ ಬೇಕು ಎಂದು ನಾನು ದೇವರಲ್ಲಿ ಕೇಳಿದವಳಲ್ಲ. ಪಂಕ್ತಿಯಲ್ಲಿ ನನ್ನ ಕೆಳಗೆ ಒಬ್ಬರು ಬೇಕಿತ್ತು, ನನ್ನ ಮುಖ ನೋಡಿ "ಅಕ್ಕಾ" ಎಂದು ಅಪ್ಪಣೆ ಕೇಳುವವರು.

ಆದರೆ ಹೊಸ್ತಿಗೆ ಕದಿರು ಬೇಕಲ್ಲ. ನಮ್ಮ ಊರಲ್ಲಿ ನವರಾತ್ರಿಗೆ ಗದ್ದೆ ಹಳದಿಯಾಗಿರುತ್ತದೆ. ಮದ್ರಾಸಿನಲ್ಲಿ ಆಗ ಇನ್ನೂ ನೆಟ್ಟಿಯ ಕಾಲ, ತೆನೆ ಬರುವುದು ಸಂಕ್ರಾಂತಿಗೆ. ಧಣಿಗಳು ಹೋಟೆಲಿನ ಗಲ್ಲಾಪೆಟ್ಟಿಗೆಗೆ ಕಟ್ಟಲು ಊರಿಂದ ಬಸ್ಸಿನಲ್ಲಿ ಕದಿರು ತರಿಸುತ್ತಿದ್ದರು. ಅಮ್ಮ ಅದಕ್ಕೆ ಒಪ್ಪುವವಳಲ್ಲ. ಹಟ್ಟಿಯ ಹಿಂದೆ, ದನ ತೊಳೆದ ನೀರು ಹರಿದು ಸೇರುವಲ್ಲಿ, ನಾಲ್ಕು ಚಾಪೆ ಹಾಸಿದಷ್ಟು ಜಾಗ ಮಾಡಿ, ಸುತ್ತ ಮುಳ್ಳುಬೇಲಿ ಹಾಕಿಸಿ, ಬೇಗ ಬೆಳೆಯುವ ಭತ್ತವನ್ನು ಊರಿಗೆಲ್ಲ ಮೊದಲೇ ಬಿತ್ತುತ್ತಿದ್ದಳು. ನೀರು ಸಾಲದಿದ್ದರೆ ಬಾವಿಯಿಂದ ಸೇದಿ ಹೊಯ್ಯುತ್ತಿದ್ದಳು. ಮುನಿಯಮ್ಮ ಬೇಲಿಯಾಚೆ ಸೊಂಟಕ್ಕೆ ಕೈಯಿಟ್ಟು ನಗುತ್ತಿದ್ದಳು. ನಮ್ಮೊಂದಿಗೆ ಅವಳ ಮಾತು ಅರ್ಧ ತಮಿಳು, ಅರ್ಧ ಕನ್ನಡ:

"ಎನ್ನ ತಾಯಿ, ಊರೇ ನೆಟ್ಟಿ ಮಾಡುದು, ನೀನು ಮಾತ್ರ ಕೊಯ್ಲು ಮಾಡ್ತೀಯಾ? ನಿನ್ನ ಸಾಮಿಗೆ ಅಷ್ಟು ಪಸಿಯಾ?"

"ಪಸಿ ಸಾಮಿಗಲ್ಲ ಮುನಿಯಮ್ಮ, ನಂಗೆ," ಎನ್ನುತ್ತಿದ್ದಳು ಅಮ್ಮ, ಹಸಿವು ದೇವರಿಗಲ್ಲ ಎಂದು.

ಸುತ್ತೆಲ್ಲ ಎಳೆ ಹಸಿರು, ನಡುವೆ ನಮ್ಮದೊಂದು ಹಳದಿ ಚೌಕ. ಆ ದಿಕ್ಕಿನ ಗುಬ್ಬಿ, ಗಿಳಿಗಳಿಗೆಲ್ಲ ಹಾಲುಗಾಳು ಸಿಗುವುದು ಅಲ್ಲೊಂದೇ ಕಡೆ. ಗದ್ದೆಗಳೆಲ್ಲ ಒಟ್ಟಿಗೆ ಮಾಗಿದರೆ ಹಕ್ಕಿ ಹಂಚಿಹೋಗುತ್ತವೆ. ಒಂಟಿಯಾಗಿ ಮಾಗಿದ ಗದ್ದೆಯ ಮೇಲೆ ಲೋಕವೇ ಬಂದು ಬೀಳುತ್ತದೆ. ಒಂದು ವರ್ಷ ಹಾಗೇ ಆಯಿತು. ನನಗೆ ಸೀತಾಳೆ ಸಿಡುಬು ಬಂದು ಅಮ್ಮ ನನ್ನ ಪಕ್ಕದಲ್ಲೇ ಮಲಗಿದ್ದ ವಾರದಲ್ಲಿ ಗಿಳಿಗಳು ಒಂದು ತೆನೆ ಉಳಿಸಲಿಲ್ಲ. ಹೊಸ್ತು ತಪ್ಪಿತು. ಅದೇ ವರ್ಷ ಅಮ್ಮನ ಹೊಟ್ಟೆಯಲ್ಲಿದ್ದ ಕೂಸು ನಿಲ್ಲಲಿಲ್ಲ. ಅಮ್ಮ ನನಗೆ ಇದನ್ನೂ ಅದನ್ನೂ ಒಟ್ಟಿಗೆ ಹೇಳಿದವಳಲ್ಲ. ಮುಂದೊಂದು ವರ್ಷ ಪೋರೂರು ಜಂಕ್ಷನ್ನಿನ ಎಸ್‌ಟಿಡಿ ಬೂತಿನಲ್ಲಿ, ಊರಲ್ಲಿದ್ದ ದೊಡ್ಡಮ್ಮನೊಂದಿಗೆ ಮಾತಾಡುವಾಗ ಗಾಜಿನ ಬಾಗಿಲಿನೊಳಗೆ ಅವಳ ಸೆರಗು ಹಿಡಿದು ನಾನು ನಿಂತಿದ್ದೆ:

"ಹೊಸ್ತ್ ತಪ್ಪಿದ್ ವರ್ಷವೇ ಅಲ್ದಾ ಅಕ್ಕ, ಹಾಂಗೆ ಆದದ್? ಈ ಸರ್ತಿ ತಪ್ಪುಕಾಗ. ಈ ಸರ್ತಿ ನಾನೇ ಕಾಯ್ತೆ."

ಹಾಗೆ ನನಗೆ ಗೊತ್ತಾಯಿತು, ಮತ್ತೊಂದು ಕೂಸು ಬರುವುದಿದೆ, ಅದು ಬರಬೇಕಾದರೆ ಆ ನಾಲ್ಕು ಚಾಪೆಯಷ್ಟು ಭತ್ತ ನವರಾತ್ರಿಯವರೆಗೆ ಉಳಿಯಬೇಕು. ಅಮ್ಮ ಬಿಸಿಲಲ್ಲಿ ನಿಲ್ಲುವಂತಿರಲಿಲ್ಲ. ನಾನು ಕೇಳದೆಯೇ ಕಾಯುವ ಕೆಲಸ ತೆಗೆದುಕೊಂಡೆ.

ಹೋಟೆಲಿನ ಖಾಲಿ ಎಣ್ಣೆ ಡಬ್ಬವೊಂದು, ಬಡಿಯಲು ಮುರಿದ ಸೌಟು. ಶಾಲೆ ಬಿಟ್ಟ ಕೂಡಲೇ ಅಲ್ಲಿಗೆ, ಕ್ವಾರ್ಟರ್ಲಿ ಪರೀಕ್ಷೆಯ ರಜೆಯಲ್ಲಿ ಹಗಲೆಲ್ಲ ಅಲ್ಲಿಯೇ. ಗಿಳಿ ಬಂದರೆ ಬಡಿ, ಹೋದರೆ ಸುಮ್ಮನೆ ಕೂರು. ಮಧ್ಯಾಹ್ನ ಕೆರೆಯ ಕಡೆಯಿಂದ ಗಾಳಿ ನಿಂತಾಗ ಏನೂ ಅಲುಗುತ್ತಿರಲಿಲ್ಲ, ದೂರದಲ್ಲಿ ಟ್ರಂಕ್ ರೋಡಿನ ಬಸ್ಸಿನ ಹಾರನ್ನು ಮಾತ್ರ. ಆ ಹೊತ್ತಿನಲ್ಲಿ ನಾನು ತೆನೆಗಳಿಗೆ ಅಕ್ಕನಾಗುವುದನ್ನು ಅಭ್ಯಾಸ ಮಾಡುತ್ತಿದ್ದೆ. ಒಂದನ್ನು ಗದರಿಸಿ, ಒಂದನ್ನು ಮುದ್ದು ಮಾಡಿ, ಎಲ್ಲವನ್ನೂ ಸಾಲಾಗಿ ಕೂರಿಸಿ "ಉಣ್ಣ್, ಉಣ್ಣ್" ಎಂದು ಅಪ್ಪಣೆ ಕೊಡುತ್ತಿದ್ದೆ. ಒಮ್ಮೆ ಹಿಂದೆ ಮುನಿಯಮ್ಮ ನಿಂತು ಕೇಳಿಸಿಕೊಂಡಿದ್ದಳು. ನಗಲಿಲ್ಲ. ಮಡಿಲಲ್ಲಿದ್ದ ಹುರಿಗಡಲೆ ಕೊಟ್ಟು, ನನ್ನ ಪಕ್ಕದಲ್ಲೇ ಕೂತು ಎಲೆಯಡಿಕೆ ಹಾಕಿಕೊಂಡು ಹೋದಳು. ಅಂಥವರನ್ನು ದೇವರು ಸಮಯಕ್ಕೆ ಕಳಿಸುತ್ತಾನೆ.

ಆ ವರ್ಷವೇ ನಮ್ಮ ಪಕ್ಕದ ಗದ್ದೆಯನ್ನು ಯಾರೋ ಪ್ಲಾಟ್ ಹಾಕಲು ಕೊಂಡಿದ್ದರು. ಲಾರಿಗಳು ಕಲ್ಲುಮಣ್ಣು ತಂದು ಸುರಿಯುತ್ತಿದ್ದವು. ಹೊಸ್ತಿಗೆ ಅಪ್ಪಯ್ಯ ಗೊತ್ತುಮಾಡಿದ್ದ ದಿನದ ಹಿಂದಿನ ಬೆಳಿಗ್ಗೆ ಒಂದು ಲಾರಿ ತಿರುಗಿಸುವಾಗ ನಮ್ಮ ಮುಳ್ಳುಬೇಲಿಯನ್ನು ಮುರಿದುಕೊಂಡು ಹೋಗಿತ್ತು. ಹೋದದ್ದು ನಮಗೆ ಯಾರಿಗೂ ತಿಳಿದಿರಲಿಲ್ಲ. ಅಪ್ಪಯ್ಯ ವ್ಯಾನಿನಲ್ಲಿ ಹೋಟೆಲಿಗೆ ಹೋಗಿದ್ದರು. ನಾನು ದೋಸೆ ತಿಂದು, ಡಬ್ಬ ಹಿಡಿದು ಹಟ್ಟಿಯ ಹಿಂದೆ ಬಂದರೆ, ಗದ್ದೆಯ ನಡುವೆ ಕಪಿಲೆ ನಿಂತಿದ್ದಳು. ಮುದಿ ದನವೆಂದು ಅವಳನ್ನು ಎಂದೂ ಕಟ್ಟುತ್ತಿರಲಿಲ್ಲ. ಒಂದು ತುದಿಯಿಂದ ಶುರುಮಾಡಿ ಇನ್ನೊಂದು ತುದಿಗೆ ಬಂದಿದ್ದಳು. ಬಾಯಿಯ ಬದಿಯಲ್ಲಿ ಒಂದು ತೆನೆ ಜೋತಾಡುತ್ತಿತ್ತು. ನನ್ನನ್ನು ಕಂಡು ಅದನ್ನೂ ಒಳಗೆಳೆದುಕೊಂಡಳು.

ನಾನು ಡಬ್ಬ ಬಡಿದೆ. ಗಿಳಿಗೆ ಬಡಿದಂತೆ ಬಡಿದೆ. ಅವಳಿಗೆ ಆ ಸದ್ದು ರೂಢಿಯಾಗಿತ್ತು, ತಲೆಯೆತ್ತಲೂ ಇಲ್ಲ. ಸದ್ದಿಗೆ ಅಮ್ಮ ಹೊಟ್ಟೆಗೆ ಕೈಯಿಟ್ಟುಕೊಂಡು ಓಡುವಂತೆ ಬಂದಳು. ನೋಡಿದಳು. ಕೂಗಲಿಲ್ಲ, ಕಪಿಲೆಯನ್ನು ಹೊಡೆಯಲಿಲ್ಲ. ಬದುವಿನ ಮೇಲೆ ಮೆಲ್ಲಗೆ ಕೂತುಬಿಟ್ಟಳು. ನನ್ನ ಅಳು ನಿಂತುಹೋಯಿತು, ಅವಳ ಮುಖ ಹಾಗಿತ್ತು. ನನಗೆ ಆಗ ಭತ್ತದ ಚಿಂತೆಯಿರಲಿಲ್ಲ. ಕೂಸು ಈಗ ಬರುವುದಿಲ್ಲ ಎಂಬ ಒಂದೇ ಯೋಚನೆ. ಅವಳಿಗೂ ಅದೇ ಇತ್ತೆಂದು, ನಾನೂ ಒಬ್ಬ ತಾಯಿಯಾದ ಮೇಲೆ, ಖಂಡಿತವಾಗಿ ಹೇಳಬಲ್ಲೆ.

ಬಹಳ ಹೊತ್ತಿನ ಮೇಲೆ ಅಮ್ಮ ಬಗ್ಗಿ ಗೊರಸಿನ ಗುಳಿಗಳಲ್ಲಿ ಕೈಯಾಡಿಸತೊಡಗಿದಳು. ಕೆಸರಿನಲ್ಲಿ ತುಳಿದುಹೋದ ಕೆಲವು ತೆನೆ ಸಿಕ್ಕವು. ತೊಳೆದು ಸೆರಗಿನಲ್ಲಿ ಕಟ್ಟಿಕೊಂಡಳು. ಅಷ್ಟರಲ್ಲಿ ಅಪ್ಪಯ್ಯ ಬಂದರು. ಬೇಲಿ ನೋಡಿ ಲಾರಿಯವರನ್ನು ಬೈದರು, ಅಮ್ಮನನ್ನು ನೋಡಿ ದನಿ ತಗ್ಗಿಸಿ, ಧಣಿಗಳನ್ನು ಕೇಳಿ ಎರಡು ತರುತ್ತೇನೆಂದರು:

"ಹೋಟ್ಲಿಗೆ ಬಸ್ಸಲ್ಲಿ ಕದ್ರ್ ಬಂದಿತ್ತ್ ಹೆಣೆ. ಧಣಿ ಹತ್ರ ಎರಡು ಕೇಣಿ ತತ್ತೆ."

"ಬಸ್ಸಲ್ಲಿ ಬಂದದ್ ಹೋಟ್ಲಿಗಾಯ್ತ್. ಮನಿಗೆ ಮನಿ ಗದ್ದಿದೇ ಆಯ್ಕ್."

"ಗದ್ದಿದು ಎಲ್ಲಿತ್ತ್ ಈಗ?"

"ಅದೇ ಕೇಂತಿದ್ದೆ ನಾನೂ. ದೇವ್ರ ಹತ್ರ."

ಅಮ್ಮ ಒದ್ದೆ ಕೈಯ ಹಿಂಬದಿಯಿಂದ ಕಣ್ಣೊರೆಸಿಕೊಂಡಳು. ಅಪ್ಪಯ್ಯ ಹೆಚ್ಚು ಮಾತಿನವರಲ್ಲ, ಸಮಾಧಾನ ಹೇಳುವುದು ಅವರಿಗೆ ಬಾರದು. ಗದ್ದೆಗಿಳಿದು ಕಪಿಲೆಯ ಕುತ್ತಿಗೆಗೆ ಹಗ್ಗ ಹಾಕಿದರು. ಹಾಕುತ್ತಾ ಕೈ ನಿಲ್ಲಿಸಿ ತಿರುಗಿ ನೋಡಿದರು.

"ಹೆಣೆ, ವರ್ಷಾ ವರ್ಷಾ ನಾನು ಹೊಸ್ತ್ ಉಂಬುಕೆ ಯಾರ ಹತ್ರ ಕೇಂತೆ?"

ಅಮ್ಮ ಸೆರಗಿನ ಗಂಟು ಬಿಗಿಮಾಡಿಕೊಂಡಳು. ಅಪ್ಪಯ್ಯನೇ ಮುಂದುವರಿಸಿದರು:

"ಈ ಮನಿಗೆ ದೊಡ್ಡವಳು ಇವ್ಳೇ. ಇವ್ಳು ಯಾರ ಹತ್ರ ಕೇಣ್ಕ್? ಕೇಂಬುಕೆ ಜನ ಇಲ್ಲೆ. ಅದ್ಕೆ ಉಂಡ್ಳ್. ದೊಡ್ಡವಳು ಮೊದ್ಲು ಉಂಡ್ರೆ ಹೊಸ್ತ್ ತಪ್ಪಿತ್ ಅಂಬ್ರಾ?"

ಅಮ್ಮ ಕಪಿಲೆಯನ್ನು ನೋಡಿದಳು. ಕಪಿಲೆ ಮೆಲುಕು ಹಾಕುತ್ತಾ ಕಿವಿ ಅಲ್ಲಾಡಿಸಿದಳು. ಅಮ್ಮನಿಗೆ ಅಳುವಿನ ನಡುವೆ ನಗು ಬಂತು.

"ಆಯ್ತ್ ಮಾರಾಯ್ರೆ. ಉಂಬೂದ್ ಉಂಡ್ಳ್, ನಾಲ್ಕು ನಮ್ಗೂ ಉಳ್ಸಿದ್ಳ್."

ಮರುದಿನ ಆ ತೆನೆಗಳೇ ದೇವರ ಮುಂದೆ ಕೂತವು. ಬಾಗಿಲಿಗೊಂದು, ಅಕ್ಕಿ ಡಬ್ಬಕ್ಕೊಂದು, ಹಟ್ಟಿಗೊಂದು. ಬಾವಿಗೆ ಸಾಲಲಿಲ್ಲ, ಅದಕ್ಕೆ ಮಾವಿನೆಲೆ ಮಾತ್ರ ಕಟ್ಟಿ ಅಮ್ಮ ಕೈ ಮುಗಿದಳು. ಉಗುರಿನಿಂದ ಸುಲಿದ ಕಾಳು ಪಾಯಸಕ್ಕೆ ಬಿತ್ತು. ಅಪ್ಪಯ್ಯ ಕಿಟಕಿಗೆ ಹೋಗಿ ಎಂದಿನಂತೆ ಅಪ್ಪಣೆ ಪಡೆದು ಬಂದರು. ಅಮ್ಮ ಅವರನ್ನು ಕೇಳಿದಳು. ನಾನು ಇಬ್ಬರನ್ನೂ ಕೇಳಿದೆ. ಇಬ್ಬರೂ "ಉಣ್ಣ್ ಮಗಾ" ಎಂದರು. ಅಲ್ಲಿಗೆ ಸಾಲು ಮುಗಿಯಬೇಕಿತ್ತು. ನಾನು ತುತ್ತೆತ್ತಿದೆ. ಅಮ್ಮ ನನ್ನ ಕೈ ಹಿಡಿದು ತಡೆದಳು. ಇನ್ನೊಂದು ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, ದನಿಯನ್ನು ಸಣ್ಣದು ಮಾಡಿ, ನನ್ನ ಮುಖವನ್ನೇ ನೋಡುತ್ತಾ ಹೇಳಿದಳು:

"ಅಕ್ಕಾ, ನಾನು ಹೊಸ್ತ್ ಉಂತೆ."

ಗದ್ದೆಯಲ್ಲಿ ಅಷ್ಟು ದಿನ ಅಭ್ಯಾಸ ಮಾಡಿದ್ದೆ. ಆದರೂ ಮೊದಲು ತುತ್ತನ್ನು ಎಲೆಗಿಳಿಸಿ ನೆಟ್ಟಗೆ ಕೂತೆ. ಅಪ್ಪಯ್ಯ ಎಲೆ ನೋಡುತ್ತಾ ಕೂತಿದ್ದರು.

"ಉಣ್ಣ್," ಎಂದೆ.

ಅಮ್ಮ ಮೊದಲ ತುತ್ತು ಉಂಡಳು.

ಐಪ್ಪಸಿಯ ಮಳೆ ಆ ಸಲ ಜೋರಾಗಿ ಬಂತು. ಹಟ್ಟಿಯಲ್ಲಿ ನೀರು ನಿಂತು ದನಗಳನ್ನು ಜಗಲಿಗೆ ತಂದು ಕಟ್ಟಿದ್ದೆವು. ಅಮ್ಮನಿಗೆ ದಿನ ತುಂಬುವ ಮೊದಲೇ ನೋವು ಬಂತು. ಮುನಿಯಮ್ಮನ ಮಗ ಆಟೋ ತಂದ. ನಾನು ಜಗಲಿಯಲ್ಲಿ ದನಗಳ ನಡುವೆ ಕೂತು ದೇವರೊಂದಿಗೆ ಮಾತಾಡಿದೆ, ಎರಡೂ ಭಾಷೆಯಲ್ಲಿ, ಅರ್ಥವಾಗದೆ ಹೋಗಬಾರದೆಂದು. ಅಮ್ಮ ವಾಪಸು ಬಂದಳು. ಕೂಸು ಬರಲಿಲ್ಲ. ತಮ್ಮ ಎಂದರು. ಅಮ್ಮನನ್ನು ಉಳಿಸಿಕೊಟ್ಟನಲ್ಲ ಎಂದು ಅಪ್ಪಯ್ಯ ದೇವರಿಗೆ ತೆಂಗಿನಕಾಯಿ ಒಡೆದರು. ನಾನು ಅವರ ಪಕ್ಕದಲ್ಲಿ ನಿಂತಿದ್ದೆ, ಉಳಿದದ್ದಕ್ಕೆ ಮೊದಲು ಕೈ ಮುಗಿಯಬೇಕು ಎಂಬುದನ್ನು ಅಲ್ಲಿ ಕಲಿತೆ. ಹೋದದ್ದಕ್ಕೆ ಅಳುವುದು ಆಮೇಲೆ ತಾನಾಗಿ ಬರುತ್ತದೆ, ಅದನ್ನು ಯಾರೂ ಕಲಿಸಬೇಕಿಲ್ಲ.

ಹೊಸ್ತು ಸರಿಯಾಗಿ ನಡೆಯದ್ದರಿಂದ ಹೀಗಾಯಿತೆ ಎಂದು ನಾನು ಅಮ್ಮನನ್ನು ಒಮ್ಮೆ ಕೇಳಿದೆ. ಅವಳು ಅಕ್ಕಿ ಆರಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು:

"ಹಾಂಗೆಲ್ಲ ಹೇಳುಕಾಗ ಮಗಾ. ಕೂಸು ಉಂಡೇ ಹೋಯ್ತ್. ನಿನ್ನ ಹತ್ರ ಕೇಣಿಯೇ ಉಂಡಿತ್."

ಮತ್ತೆ ಆ ಮಾತು ನಮ್ಮ ನಡುವೆ ಬರಲಿಲ್ಲ. ಕೆಲವು ವರ್ಷಗಳಲ್ಲಿ ಧಣಿಗಳು ಆ ಜಾಗವನ್ನೂ ಪ್ಲಾಟಿಗೆ ಕೊಟ್ಟರು. ಜರ್ಸಿಗಳು ಬೇರೆ ಹಟ್ಟಿಗಳಿಗೆ ಹೋದವು. ಕಪಿಲೆ ಅದಕ್ಕೂ ಮೊದಲೇ, ಹೊಸ ಹುಲ್ಲಿನ ಕಾಲದಲ್ಲಿ, ತನ್ನ ಮೂಲೆಯಲ್ಲಿಯೇ ಕಣ್ಣುಮುಚ್ಚಿದಳು. ಮಾರಿಹೋಗುವುದನ್ನು ಕಾಣಲಿಲ್ಲ, ಅದೂ ಒಂದು ಕೃಪೆ.

ಮದುವೆಯಾಗಿ ನಾನು ಪೋರೂರಿಗೇ ಬಂದೆ. ನಮ್ಮ ಗದ್ದೆಯಿದ್ದ ಕಡೆಗೆ ಈಗ ಆಸ್ಪತ್ರೆಯ ರಸ್ತೆ ಹೋಗುತ್ತದೆ. ಬಾಲ್ಕನಿಯ ಬಕೆಟ್ಟಿನಲ್ಲಿ ಒಂದು ಹಿಡಿ ಭತ್ತ ಹಾಕುತ್ತೇನೆ. ಇಲ್ಲಿ ಗುಬ್ಬಿಯೂ ಇಲ್ಲ, ಗಿಳಿಯೂ ಇಲ್ಲ, ಕಾಯುವ ಕೆಲಸವಿಲ್ಲ. ನವರಾತ್ರಿಗೆ ಎರಡು ಮೂರು ಕದಿರು ಬರುತ್ತವೆ. ನಾನು ಗಂಡನನ್ನು ಕೇಳುತ್ತೇನೆ. ಮಗಳು ತಮಿಳಿನಲ್ಲಿ, "ಅಮ್ಮಾ, ಸಾಪ್ಪಿಡಟ್ಟುಮಾ?" ಎನ್ನುತ್ತಾಳೆ, ಉಣ್ಣಲೇ ಎಂದು. ಭಾಷೆ ಯಾವುದಾದರೇನು, ಕೇಳುತ್ತಾಳಲ್ಲ. ಅವಳಿಗೆ "ಉಣ್ಣ್" ಎನ್ನುತ್ತೇನೆ. ಸ್ವಲ್ಪ ತಡೆದು, ಇನ್ನೊಮ್ಮೆ "ಉಣ್ಣ್" ಎನ್ನುತ್ತೇನೆ.

"ಒಂದು ಸಲ ಸೊನ್ನಾ ಪೋದುಂ ಅಮ್ಮಾ," ಎಂದು ನಗುತ್ತಾಳೆ ಮಗಳು, ಒಮ್ಮೆ ಹೇಳಿದರೆ ಸಾಕು ಎಂದು. ನಾನೂ ನಗುತ್ತೇನೆ. ಆಮೇಲೆ ನನ್ನ ತುತ್ತು ಎತ್ತುತ್ತೇನೆ.